ಎತ್ತರದ ಪರೀಕ್ಷೆಯಲ್ಲಿ ತೂಕದ ಪಾಲು

ಓರಗೆಯವರಿಗಿಂತ ಗಿಡ್ಡಗಿರುವ ಮಗುವನ್ನು ತಜ್ಞರ ಬಳಿ ಕರೆದೊಯ್ದಾಗ, ಒಂದು ಹಂತದಲ್ಲಿ ಬೆಳವಣಿಗೆ ಹಾರ್ಮೋನಿನ ಪರೀಕ್ಷೆಯ ಮಾತು ಬರುತ್ತದೆ. ‘ಒಂದು ಸಲ ರಕ್ತ ಕೊಟ್ಟರೆ ಸಾಲದೇ?’ ಎಂದು ಅಪ್ಪ–ಅಮ್ಮ ಕೇಳುವುದು ಸಹಜ. ಸಾಲದು. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಈ ಹಾರ್ಮೋನನ್ನು ಬಿಟ್ಟು ಬಿಟ್ಟು, ಅದರಲ್ಲೂ ರಾತ್ರಿಯ ಗಾಢ ನಿದ್ದೆಯಲ್ಲಿ ಹೆಚ್ಚಾಗಿ ಸ್ರವಿಸುತ್ತದೆ. ಹಗಲಲ್ಲಿ ಯಾವಾಗಲೋ ತೆಗೆದ ರಕ್ತದಲ್ಲಿ ಅದು ತೀರಾ ಕಡಿಮೆ ಕಂಡರೆ ಏನೂ ಹೇಳಿದಂತಾಗುವುದಿಲ್ಲ.

ಆದ್ದರಿಂದ ಗ್ರಂಥಿಯನ್ನು ಔಷಧದಿಂದ ಪ್ರಚೋದಿಸಿ ನೋಡುತ್ತಾರೆ. ರಾತ್ರಿಯಿಂದ ಉಪವಾಸವಿದ್ದ ಮಗುವಿಗೆ ಕ್ಲೋನಿಡಿನ್ ಮಾತ್ರೆಯನ್ನೋ ಗ್ಲುಕಗಾನ್ ಚುಚ್ಚುಮದ್ದನ್ನೋ ಕೊಟ್ಟು, ಸುಮಾರು ಅರ್ಧ ಗಂಟೆಗೊಮ್ಮೆ ರಕ್ತ ತೆಗೆಯುತ್ತಾರೆ. ಕ್ಲೋನಿಡಿನ್ ರಕ್ತದೊತ್ತಡ ಇಳಿಸುವ ಔಷಧ; ಮಗು ತೂಕಡಿಸುತ್ತದೆ. ಆ ಹಲವು ಮಾದರಿಗಳಲ್ಲಿ ಅತಿ ಹೆಚ್ಚಿನ ಅಂಕಿಯೇ ಫಲಿತಾಂಶ. ಅದು ಮಿಲಿಲೀಟರಿಗೆ 10 ನ್ಯಾನೋಗ್ರಾಂ ಮುಟ್ಟದಿದ್ದರೆ ಕೊರತೆ ಎನ್ನುವುದು ಹಳೆಯ ವಾಡಿಕೆ; ಈಗ ಹಲವರು 7 ಎನ್ನುತ್ತಾರೆ. ಒಂದೇ ಪರೀಕ್ಷೆಯನ್ನು ನಂಬದೆ, ಬೇರೆ ಔಷಧದಿಂದ ಮತ್ತೊಮ್ಮೆ ನೋಡುವುದು ರೂಢಿ.

ಈ ಅಂಕಿಯ ಮೇಲೆ ಮಗುವಿನ ಮೈತೂಕದ ನೆರಳು ಬೀಳುತ್ತದೆ. ದಪ್ಪಗಿರುವ ಮಗುವಿನ ಪಿಟ್ಯುಟರಿ ಚೆನ್ನಾಗಿದ್ದರೂ ಪ್ರಚೋದನೆಗೆ ಮಂದವಾಗಿ ಉತ್ತರಿಸುತ್ತದೆ. ರಕ್ತದಲ್ಲಿ ಹೆಚ್ಚಿರುವ ಕೊಬ್ಬಿನಾಮ್ಲಗಳು ಹಾರ್ಮೋನನ್ನು ತಡೆಯುತ್ತವೆ. ಹೆಚ್ಚಿದ ಇನ್ಸುಲಿನ್‌ನಿಂದಾಗಿ ಐಜಿಎಫ್–1 ಎಂಬ ಸಹವರ್ತಿ ಹಾರ್ಮೋನು ಮುಕ್ತವಾಗಿ ಸಿಗುವಂತಾಗಿ, ‘ಇನ್ನು ಸಾಕು’ ಎಂಬ ಸಂದೇಶವನ್ನು ಗ್ರಂಥಿಗೆ ತಲುಪಿಸುತ್ತದೆ. ಇದು ಬೊಜ್ಜಿನ ಮಕ್ಕಳಿಗಷ್ಟೇ ಸೀಮಿತವೂ ಅಲ್ಲ. 2009ರಲ್ಲಿ ಬಾಸ್ಟನ್‌ನ ವೈದ್ಯರು ಗಿಡ್ಡಗಿದ್ದ ಮಕ್ಕಳ ಪರೀಕ್ಷೆಗಳನ್ನು ಪರಿಶೀಲಿಸಿದಾಗ, ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಸೂಚ್ಯಂಕ) ಏರಿದಂತೆ ಹಾರ್ಮೋನಿನ ಗರಿಷ್ಠ ಮಟ್ಟ ಇಳಿದದ್ದು ಕಂಡಿತ್ತು.

ದೊಡ್ಡವರಿಗೆ ಮಾಡುವ ಇಂಥದೊಂದು ಪರೀಕ್ಷೆಯಲ್ಲಿ ಮಿತಿಯನ್ನೇ ತೂಕಕ್ಕೆ ತಕ್ಕಂತೆ ಬದಲಿಸುತ್ತಾರೆ: ತೆಳ್ಳಗಿದ್ದರೆ 11.5, ತೂಕ ಹೆಚ್ಚಿದ್ದರೆ 8, ಬೊಜ್ಜಿದ್ದರೆ 4.2. ಮಕ್ಕಳಿಗೆ ಹೀಗೆ ಎಲ್ಲರೂ ಒಪ್ಪಿದ ಪಟ್ಟಿಯಿಲ್ಲ. ತೂಕ ಎಷ್ಟೇ ಇರಲಿ, ಎಲ್ಲ ಮಕ್ಕಳನ್ನೂ ಒಂದೇ ಗೆರೆಗೆ ಹಿಡಿದು ಅಳೆಯುವುದು ನನಗೆ ನ್ಯಾಯವಾಗಿ ಕಾಣುವುದಿಲ್ಲ. ತಪ್ಪಾಗಿ ‘ಕೊರತೆ’ ಎಂದು ಬರೆದರೆ ಆ ಮಗುವಿಗೆ ವರ್ಷಗಟ್ಟಲೆ ಇಂಜೆಕ್ಷನ್, ಮನೆಗೆ ದೊಡ್ಡ ಖರ್ಚು.

ಆ ಗೆರೆಯಾದರೂ ಅಚಲವಾಗಿತ್ತೇ? 1958ರಲ್ಲಿ ವೈದ್ಯ ಮಾರಿಸ್ ರೇಬನ್ ಮೊದಲ ಸಲ ಬೆಳವಣಿಗೆ ಹಾರ್ಮೋನಿನ ಚಿಕಿತ್ಸೆಯ ಫಲವನ್ನು ವರದಿ ಮಾಡಿದಾಗ, ಅದನ್ನು ಮೃತರ ಪಿಟ್ಯುಟರಿಯಿಂದ ತೆಗೆಯಬೇಕಿತ್ತು. ಸಿಗುತ್ತಿದ್ದುದು ತೀರಾ ಕಡಿಮೆಯಾದ್ದರಿಂದ ಕೊರತೆಯ ಮಿತಿ ಬಿಗಿಯಾಗಿ, ಕೆಳಮಟ್ಟದಲ್ಲಿತ್ತು. 1985ರಲ್ಲಿ ಕೃತಕ ಹಾರ್ಮೋನಿಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿ ಪೂರೈಕೆ ಹೆಚ್ಚಿತು, ಮಿತಿಯೂ ಮೇಲೇರಿತು. ಪ್ರಕೃತಿಯೇ ಎಳೆದ ಗೆರೆಯಾಗಿದ್ದರೆ ಅದು ಹೀಗೆ ಸರಿಯುತ್ತಿರಲಿಲ್ಲ.

ಇನ್ನೊಂದು ತುದಿಯಲ್ಲಿ ಸೊರಗಿದ ಮಗುವಿದೆ. ಸಾಕಷ್ಟು ಆಹಾರ ಸಿಗದ ಮೈಯಲ್ಲಿ ಬೆಳವಣಿಗೆ ಹಾರ್ಮೋನು ಹೆಚ್ಚೇ ಇರುತ್ತದೆ, ಐಜಿಎಫ್–1 ಮಾತ್ರ ಕುಸಿದಿರುತ್ತದೆ. ಐಜಿಎಫ್–1 ಒಂದನ್ನೇ ನೋಡಿದರೆ ಪಿಟ್ಯುಟರಿಯಲ್ಲಿ ದೋಷವಿದೆ ಎನಿಸೀತು. ಆ ಮಗುವಿಗೆ ಮೊದಲು ಬೇಕಾದ್ದು ಊಟ, ಮತ್ತು ಸೀಲಿಯಾಕ್‌ನಂತಹ ಕರುಳಿನ ಕಾಯಿಲೆ ಇದೆಯೇ ಎಂಬ ತಪಾಸಣೆ.

ಹಾಗೆಂದು ದಪ್ಪ ಮಗುವಿನ ಕಡಿಮೆ ಅಂಕಿಯನ್ನೆಲ್ಲ ತೂಕದ ಮೇಲೆ ಹಾಕಿ ಸುಮ್ಮನಾಗುವುದೂ ಅಪಾಯ. ನಿಜವಾದ ಕೊರತೆಯಿರುವ ಮಕ್ಕಳಲ್ಲೂ ಹೊಟ್ಟೆಯ ಸುತ್ತ ಕೊಬ್ಬು ಸೇರುತ್ತದೆ. ಅತಿ ತಿಂದು ದಪ್ಪಗಾದ ಮಕ್ಕಳು ಹರೆಯಕ್ಕೆ ಮುಂಚೆ ಸಾಮಾನ್ಯವಾಗಿ ಓರಗೆಯವರಿಗಿಂತ ಎತ್ತರವೇ ಇರುತ್ತಾರೆ. ಆದ್ದರಿಂದ ದಪ್ಪಗಾಗುತ್ತಲೇ ಎತ್ತರ ನಿಂತುಹೋದ ಮಗುವನ್ನು ತಡಮಾಡದೆ ನೋಡಬೇಕು: ಥೈರಾಯ್ಡ್ ಕಡಿಮೆಯಿರಬಹುದು, ಕಾರ್ಟಿಸಾಲ್ ಹೆಚ್ಚಿರಬಹುದು, ಪಿಟ್ಯುಟರಿಯಲ್ಲೇ ತೊಂದರೆ ಇರಬಹುದು.

ಈ ಗೊಂದಲವನ್ನು ಬಿಡಿಸಲು ಪ್ರಚೋದನಾ ಪರೀಕ್ಷೆಗಿಂತ ಮೊದಲು ನೆರವಾಗುವುದು ಹಳೆಯ ಅಳತೆಗಳು. ನಾಲ್ಕರಿಂದ ಹರೆಯದವರೆಗೆ ಮಗು ವರ್ಷಕ್ಕೆ ಸುಮಾರು 5–6 ಸೆಂ.ಮೀ. ಬೆಳೆಯುತ್ತದೆ. ಭಾರತೀಯ ಮಕ್ಕಳ ತಜ್ಞರ ಅಕಾಡೆಮಿಯ 2015ರ ಚಾರ್ಟ್‌ಗಳಲ್ಲಿ 5ರಿಂದ 18 ವರ್ಷದವರ ಎತ್ತರ, ತೂಕ, ಬಿಎಂಐ ಮೂರನ್ನೂ ಗುರುತಿಸಬಹುದು. ಶಾಲೆಯ ಆರೋಗ್ಯ ಕಾರ್ಡು, ಲಸಿಕೆಯ ಪುಸ್ತಕ, ಬಾಗಿಲ ಚೌಕಟ್ಟಿನಲ್ಲಿ ಪೆನ್ಸಿಲಿನಿಂದ ಗುರುತಿಸಿದ ದಿನಾಂಕ — ಇದ್ದುದನ್ನೆಲ್ಲ ವೈದ್ಯರಿಗೆ ತೋರಿಸಿ. ವರದಿ ಕೈಗೆ ಬಂದಾಗ ಕೇಳಿ: ಈ ಅಂಕಿಯನ್ನು ನಮ್ಮ ಮಗುವಿನ ತೂಕದ ಜೊತೆಗಿಟ್ಟು ಓದಿದಿರಾ?