ಟರ್ಬೋ ಎಂಜಿನಿನ ಬಳಸುದಾರಿ ಕವಾಟ ಮತ್ತು ಅದರ ಹದ

ಎಂಜಿನಿನಿಂದ ಹೊರಬೀಳುವ ಬಿಸಿಹೊಗೆಯ ರಭಸವನ್ನೇ ದುಡಿಸಿಕೊಂಡು ಒಳಕ್ಕೆ ಹೆಚ್ಚು ಗಾಳಿಯನ್ನು ತುಂಬುವ ಉಪಾಯಕ್ಕೆ ಸ್ವಿಟ್ಜರ್ಲೆಂಡಿನ ಆಲ್‌ಫ್ರೆಡ್ ಬ್ಯೂಖಿಯು 1905ರಲ್ಲಿಯೇ ಪೇಟೆಂಟು ಪಡೆದನು. ಆದರೆ ಮಾರುಕಟ್ಟೆಯ ಕಾರುಗಳಿಗೆ ಅದು ಬಂದುದು 1962ರಲ್ಲಿ, ಅಮೆರಿಕದ ಓಲ್ಡ್ಸ್‌ಮೊಬೀಲ್ ಜೆಟ್‌ಫೈರ್ ಮತ್ತು ಷೆವ್ರೊಲೆ ಕಾರ್ವೇರ್ ಮಾನ್ಜಾ ಸ್ಪೈಡರ್‌ಗಳ ಮೂಲಕ. ಇಂದು ಭಾರತದ ಸಾಧಾರಣ ಕಾರುಗಳಲ್ಲಿಯೂ ಟರ್ಬೋ ಪೆಟ್ರೋಲು ಎಂಜಿನುಗಳಿವೆ. ಅವುಗಳ ಮೂಲ ಬೈಪಾಸ್ ಕವಾಟವನ್ನು, ಎಂದರೆ ಬಳಸುದಾರಿಯ ಕವಾಟವನ್ನು ತೆಗೆದು, ಅಂಗಡಿಯಲ್ಲಿ ಕೊಂಡ ಬೇರೊಂದನ್ನು ಕೂರಿಸುವ ಹವ್ಯಾಸವೂ ಬೆಳೆದಿದೆ. ಇಂಥ ಕವಾಟದ ತಲೆಯ ಮೇಲಿನ ತಿರುಪನ್ನು ಬಿಗಿಮಾಡಿದಷ್ಟೂ ಶಕ್ತಿ ಹೆಚ್ಚುವುದೆಂಬ ನಂಬಿಕೆ ಹಲವರಲ್ಲಿದೆ. ಕವಾಟದ ಕಾರ್ಯವನ್ನು ಪರಿಶೀಲಿಸಿದರೆ ಈ ನಂಬಿಕೆ ನಿಲ್ಲುವುದಿಲ್ಲ.

ಚಾಲಕನು ಕಾಲೆತ್ತಿದೊಡನೆ ಥ್ರಾಟಲು ಮುಚ್ಚಿಕೊಳ್ಳುತ್ತದೆ. ಆದರೆ ನಿಮಿಷಕ್ಕೆ ಲಕ್ಷ ಸುತ್ತಿನ ವೇಗದಲ್ಲಿರುವ ಟರ್ಬೋ ಚಕ್ರವು ಒಮ್ಮೆಗೇ ನಿಲ್ಲಲಾರದು. ಒತ್ತಿದ ಗಾಳಿಯು ಮುಂದೆ ದಾರಿಯಿಲ್ಲದೆ ಹಿಂದಿರುಗಿ ಚಕ್ರದ ಅಲಗುಗಳಿಗೇ ಬಡಿಯುತ್ತದೆ. ಪಟಪಟನೆ ಕೇಳಿಸುವ ಸದ್ದು ಇದರದೇ. ಈ ಹೊಡೆತವು ಪದೇ ಪದೇ ಬಿದ್ದಾಗ ಬೇರಿಂಗುಗಳ ಆಯುಷ್ಯ ಕುಗ್ಗುತ್ತದೆ. ತುಂಬಿದ ಕೆರೆಗೆ ಕೋಡಿಯಿದ್ದಂತೆ ಇಲ್ಲಿ ಬಳಸುದಾರಿಯ ಕವಾಟವಿದೆ: ಅದು ತೆರೆದು, ಗಾಳಿಯನ್ನು ಸಂಪೀಡಕದ ಬಾಯಿಗೆ ಮರಳಿ ಸಾಗಿಸುತ್ತದೆ. ಸಾಮಾನ್ಯವಾಗಿ ಡೀಸೆಲ್ ಎಂಜಿನಿನಲ್ಲಿ ಗಾಳಿಯನ್ನು ತಡೆದು ವೇಗವನ್ನು ಹಿಡಿತದಲ್ಲಿಡುವ ಕ್ರಮವಿಲ್ಲದುದರಿಂದ ಅದಕ್ಕೆ ಈ ಕವಾಟ ಬೇಕಾಗುವುದಿಲ್ಲ.

ಕವಾಟದ ಮೇಲ್ಭಾಗಕ್ಕೆ ಇನ್‌ಟೇಕ್ ಮ್ಯಾನಿಫೋಲ್ಡಿನಿಂದ ಸಣ್ಣ ನಳಿಕೆಯೊಂದು ಬರುತ್ತದೆ. ಥ್ರಾಟಲು ಪೂರ್ತಿ ತೆರೆದಿರುವಾಗ ಕವಾಟದ ಮೇಲೂ ಕೆಳಗೂ ಹೆಚ್ಚುಕಡಮೆ ಒಂದೇ ಒತ್ತಡವಿದ್ದು, ಒಂದು ಇನ್ನೊಂದನ್ನು ಸರಿದೂಗಿಸುತ್ತದೆ. ಆದುದರಿಂದ ಅದನ್ನು ಮುಚ್ಚಿಡಲು ಸ್ಪ್ರಿಂಗಿನ ಅಲ್ಪಬಲವೇ ಸಾಕು. ಥ್ರಾಟಲು ಮುಚ್ಚಿದಾಗ ಮೇಲೆ ನಿರ್ವಾತವುಂಟಾಗಿ, ಕೆಳಗಿನ ಒತ್ತಡವು ಕವಾಟವನ್ನು ಎತ್ತುತ್ತದೆ. ಹೀಗಿರುವಲ್ಲಿ ತಿರುಪನ್ನು ಬಿಗಿಮಾಡುವುದರಿಂದ ಹೊಸ ಒತ್ತಡವೇನೂ ಹುಟ್ಟುವುದಿಲ್ಲ; ಸೋರಿಕೆಯಿದ್ದರೆ ಅದು ನಿಲ್ಲಬಹುದು, ಅಷ್ಟೆ. ಒತ್ತಡದ ಮೇಲ್ಮಿತಿಯನ್ನು ನಿರ್ಧರಿಸುವುದು ಹೊಗೆಯ ಕಡೆಗಿರುವ ವೇಸ್ಟ್‌ಗೇಟು ಎಂಬ ಬೇರೊಂದು ಸಾಧನ.

ಹೊಂದಿಸುವ ಕ್ರಮ ಸರಳವಾದುದು. ಮೊದಲು ಸಣ್ಣ ನಳಿಕೆಯಲ್ಲಿ ಬಿರುಕಿಲ್ಲವೆಂಬುದನ್ನು ನೋಡಿಕೊಳ್ಳಬೇಕು. ಬಳಿಕ ತಿರುಪನ್ನು ಅತ್ಯಂತ ಸಡಿಲವಾದ ಸ್ಥಿತಿಗೆ ತಂದು, ಕಾದ ಎಂಜಿನಿನೊಡನೆ ಕಾರನ್ನು ಓಡಿಸಿ, ಒತ್ತಡಮಾಪಕದ ಮುಳ್ಳು ಮೂಲ ಕವಾಟವಿದ್ದಾಗಿನ ಅಂಕವನ್ನು ಮುಟ್ಟಿ ನಿಲ್ಲುವುದೇ ಎಂದು ಪರೀಕ್ಷಿಸಬೇಕು. ನಿಲ್ಲದಿದ್ದರೆ ಅರ್ಧ ಸುತ್ತಿನಂತೆ ಬಿಗಿಮಾಡುತ್ತ, ನಿಂತೊಡನೆ ಕೈಬಿಡಬೇಕು. ಆಮೇಲೆ ಕಾಲೆತ್ತಿದಾಗ ಪಟಪಟ ಸದ್ದು ಬಲವಾಗಿ ಕೇಳಿದರೆ ಬಿಗಿ ಹೆಚ್ಚಾಯಿತೆಂದೇ ತಿಳಿಯಬೇಕು.

ಗಾಳಿಯನ್ನು ಹಿಂದಿರುಗಿಸದೆ ಹೊರಕ್ಕೆ ಚೆಲ್ಲುವ ಕವಾಟಗಳೂ ಉಂಟು. ಅವುಗಳ ಸಿಳ್ಳಿಗೆ ಮರುಳಾಗುವವರೂ ಉಂಟು. ಒಳಬರುವ ಗಾಳಿಯ ತೂಕವನ್ನಳೆದು ಪೆಟ್ರೋಲು ಕೊಡುವ ಎಂಜಿನಿನಲ್ಲಿ ಇದು ದೋಷಕರ. ಲೆಕ್ಕಕ್ಕೆ ಸೇರಿದ ಗಾಳಿ ಹೊರಗೆ ಹೋದುದರಿಂದ ಪೆಟ್ರೋಲು ಅಧಿಕವಾಗಿ ಎಂಜಿನು ಮುಗ್ಗರಿಸುತ್ತದೆ. ಮ್ಯಾನಿಫೋಲ್ಡಿನ ಒತ್ತಡವನ್ನಷ್ಟೇ ಅಳೆಯುವ ಎಂಜಿನುಗಳಿಗೆ ಈ ಬಾಧೆಯಿಲ್ಲ.

ಊರಿನ ಎತ್ತರವೂ ಗಣನೆಗೆ ಬರಬೇಕು. ಸಮುದ್ರಮಟ್ಟದ ಮುಂಬಯಿಯಲ್ಲಿ ಆರೋಗ್ಯವಾದ ಪೆಟ್ರೋಲು ಎಂಜಿನು ನಿಂತಲ್ಲೇ ತಿರುಗುವಾಗ ಸುಮಾರು 18ರಿಂದ 20 ಅಂಗುಲ ಪಾದರಸದಷ್ಟು ನಿರ್ವಾತವನ್ನು ತೋರಿಸುತ್ತದೆ. ಸುಮಾರು 3,000 ಅಡಿ ಎತ್ತರದ ಬೆಂಗಳೂರಿನಲ್ಲಿ ಅದೇ ಎಂಜಿನು ತೋರಿಸುವ ನಿರ್ವಾತ ಸುಮಾರು 3 ಅಂಗುಲ ಕಡಮೆ. ಮುಂಬಯಿಯಲ್ಲಿ ಬಿಗಿಯ ಕೊನೆಯಂಚಿಗೆ ತಂದಿಟ್ಟ ಕವಾಟವು ಘಟ್ಟವೇರಿ ಬೆಂಗಳೂರಿಗೆ ಬಂದಾಗ ತಡವಾಗಿ ತೆರೆದರೆ ಆಶ್ಚರ್ಯವಿಲ್ಲ.

ಕವಾಟಕ್ಕಿಂತ ಟರ್ಬೋವಿನ ಬೆಲೆ ಅನೇಕ ಪಟ್ಟು ಹೆಚ್ಚು. ಆದುದರಿಂದ ಒತ್ತಡವನ್ನು ಉಳಿಸಿಕೊಳ್ಳಬಲ್ಲ ಅತ್ಯಂತ ಸಡಿಲವಾದ ಸ್ಥಿತಿಯೇ ಸರಿಯಾದ ಹದ.