ಹೊನ್ನಾಳಿ ಸೀಮೆಗೆ ಬಂದಿದ್ದ ಕಲ್ಲಿನ ಸಾಹೇಬ

ಅಂಗೈ ತುಂಬುವಷ್ಟು ದೊಡ್ಡ ಕಲ್ಲು. ಒಂದು ತುದಿ ಚೂಪು, ಇನ್ನೊಂದು ತುದಿ ಹಿಡಿಯಲು ಹದವಾಗಿ ದಪ್ಪ. ಚೆನ್ನೈನ ಎಗ್ಮೋರ್ ವಸ್ತುಸಂಗ್ರಹಾಲಯದಲ್ಲಿ ಗಾಜಿನಾಚೆ ಇಟ್ಟಿರುವ ಅದನ್ನು ಎದುರಿನಿಂದ ನೋಡಿದರೆ ಒಡೆದ ಕಲ್ಲು ಅಷ್ಟೇ. ಪಕ್ಕಕ್ಕೆ ಸರಿದು, ಬಗ್ಗಿ, ಅಂಚನ್ನು ನೋಡಿದೆ. ಅದು ಅತ್ತಿತ್ತ ಡೊಂಕಾಗಿ ಸಾಗಿತ್ತು. ಈ ಕಡೆಯಿಂದ ಒಂದು ಏಟು, ಕಲ್ಲು ತಿರುಗಿಸಿ ಆ ಕಡೆಯಿಂದ ಒಂದು ಏಟು, ಮತ್ತೆ ಈ ಕಡೆ. ಏಟಿಗೊಂದು ಚಕ್ಕೆ ಎದ್ದ ಗುಳಿ. ಮುಂದಿನ ಏಟು ಎಲ್ಲಿ ಬೀಳಬೇಕೆಂದು ಲೆಕ್ಕ ಹಾಕಿದ ತಲೆಯೊಂದು ಆ ಕೈಯ ಹಿಂದೆ ಇತ್ತು. ನಮ್ಮಂಥ ಮನುಷ್ಯರು ಹುಟ್ಟುವುದಕ್ಕೂ ಎಷ್ಟೋ ಮೊದಲೇ ಶುರುವಾದ ಕಸುಬು ಇದು ಎಂದು ನೆನೆದು ಮೈ ಜುಮ್ಮೆಂದಿತು. ಊರಿಗೆ ಬಂದ ಮೇಲೂ ಆ ಅಂಚು ಕಣ್ಣಿಂದ ಹೋಗಿಲ್ಲ.

ಇಂಥ ಕೈಗೊಡಲಿಗಳನ್ನು ಕೂಡಿಹಾಕಿದವರು ರಾಬರ್ಟ್ ಬ್ರೂಸ್ ಫೂಟ್. 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಸೇರಿದ ಅವರಿಗೆ 1863ರ ಮೇ 30ರಂದು ಮದರಾಸಿನ ಪಲ್ಲಾವರಂನಲ್ಲಿ, ಗರಸು ತೆಗೆದ ಗುಂಡಿಯೊಂದರಲ್ಲಿ, ಮೊದಲ ಕೈಗೊಡಲಿ ಸಿಕ್ಕಿತು. ಡಾರ್ವಿನ್ನರ ಹೆಸರಾಂತ ಪುಸ್ತಕ ಹೊರಬಂದು ಆಗಿನ್ನೂ ನಾಲ್ಕು ವರ್ಷ.

ಫೂಟ್ ನಮ್ಮ ಸೀಮೆಗೆ ಬಂದದ್ದು ಚಿನ್ನದ ಕೆಲಸದ ಮೇಲೆ. 1887ರಲ್ಲಿ ಅವರು ಮೈಸೂರು ಸಂಸ್ಥಾನದಲ್ಲಿ ಸುತ್ತಿ ನೋಡಿದ ಚಿನ್ನದ ಪ್ರದೇಶಗಳಲ್ಲಿ ಹೊನ್ನಾಳಿಯೂ ಒಂದು. ನ್ಯಾಮತಿ ಬಳಿಯ ಕುದುರೆಕೊಂಡದ ಗಣಿ ಇದ್ದದ್ದು ಅದೇ ನೆಲದಲ್ಲಿ. ಹೊನ್ನಾಳಿ, ಚನ್ನಗಿರಿ ಕಡೆಯ ಪದರಗಲ್ಲುಗಳೆಲ್ಲ ಸೇರುವ ಶಿಲಾಸ್ತೋಮಕ್ಕೆ ಧಾರವಾಡದ ಹೆಸರಿಟ್ಟವರೂ ಅವರೇ. ಕರ್ನಾಟಕದ ಹಳೆ ಶಿಲಾಯುಗದ ಬಗ್ಗೆ ಬರೆದವರು ಕೈಗೊಡಲಿ ನೆಲೆಗಳ ಸಾಲಿನಲ್ಲಿ ನ್ಯಾಮತಿಯನ್ನೂ ಹೆಸರಿಸುತ್ತಾರೆ. ಹಳೆಯ ಪುಸ್ತಕಗಳಲ್ಲಿ ಅದನ್ನು ಶಿವಮೊಗ್ಗ ಜಿಲ್ಲೆಯಡಿ ಹುಡುಕಬೇಕು, ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ ತಾನೆ. ಜಗಳೂರು ದಾಟಿದರೆ ಹಳೆಯ ಬಳ್ಳಾರಿ ಸೀಮೆ. ಬಳ್ಳಾರಿಯ ಪುರಾತತ್ವ ವಸ್ತುಸಂಗ್ರಹಾಲಯಕ್ಕಂತೂ ಫೂಟ್ ಹೆಸರನ್ನೇ ಇಟ್ಟಿದ್ದಾರೆ.

ಫೂಟ್ ಬದುಕಿನಲ್ಲಿ ನನ್ನನ್ನು ಬಿಡದೆ ಕಾಡುವುದು ಕರ್ನೂಲು ಸೀಮೆಯ ಬಿಲ್ಲಸುರ್ಗಂ ಗುಹೆಗಳ ಪ್ರಸಂಗ. ಡಾರ್ವಿನ್ನರ ಪರವಾಗಿ ಊರೂರಲ್ಲಿ ವಾದಕ್ಕಿಳಿಯುತ್ತಿದ್ದ ಥಾಮಸ್ ಹಕ್ಸ್ಲಿ, ಆ ಗುಹೆಗಳನ್ನು ಅಗೆಸಿ ನೋಡಿ ಎಂದು ಮದರಾಸಿನ ಗವರ್ನರ್ ಗ್ರಾಂಟ್ ಡಫ್ ಅವರನ್ನು ಒತ್ತಾಯಿಸಿದರು. ಯುರೋಪಿನ ಗುಹೆಗಳಲ್ಲಿ ಆದಿಮಾನವರ ಎಲುಬು ಸಿಕ್ಕಿದ್ದ ಕಾಲ ಅದು. ಕೆಲಸ ಫೂಟ್ ಪಾಲಿಗೆ ಬಂತು. ಅವರು ಬೇರೆ ಕಡೆ ಹೋಗಬೇಕಾದಾಗ ಸೈನ್ಯದಲ್ಲಿದ್ದ ಮಗ ಹೆನ್ರಿ ಅಗೆತ ಮುಂದುವರಿಸಿದ. ಲಂಡನ್ನಿನ ಪಂಡಿತನ ಆಸೆಯನ್ನು ತಂದೆ ಮಗ ಇಬ್ಬರೂ ಆ ಬಿಸಿಲಲ್ಲಿ ಹೊತ್ತು ನಿಂತದ್ದನ್ನು ನೆನೆದರೆ ಗೌರವ ಉಕ್ಕುತ್ತದೆ. ಪ್ರಾಣಿಗಳ ಎಲುಬು ರಾಶಿ ರಾಶಿ ಸಿಕ್ಕಿತು, ಎಲುಬಿನಿಂದ ಮಾಡಿದ ಉಪಕರಣಗಳೂ ಸಿಕ್ಕವು. ಹಕ್ಸ್ಲಿ ಕಾದಿದ್ದ ಪೂರ್ವಜ ಮಾತ್ರ ಸಿಗಲಿಲ್ಲ. ಮುಂದೆ 1982ರಲ್ಲಿ ನರ್ಮದಾ ದಡದ ಹಥ್ನೋರಾದಲ್ಲಿ ಆದಿಮಾನವರ ತಲೆಬುರುಡೆಯ ಭಾಗ ಸಿಕ್ಕಿತು. ಅದನ್ನು ಕಂಡ ಅರುಣ್ ಸೋನಕಿಯಾ ಫೂಟ್ ದುಡಿದ ಇಲಾಖೆಯವರೇ!

ಫೂಟ್ ಹೇಳಿದ್ದೆಲ್ಲ ನಿಂತಿಲ್ಲ. ಹಳೆ ಶಿಲಾಯುಗಕ್ಕೂ ಹೊಸ ಶಿಲಾಯುಗಕ್ಕೂ ನಡುವೆ ದೊಡ್ಡದೊಂದು ಖಾಲಿ ಕಾಲವಿತ್ತೆಂದು ಅವರು ನಂಬಿದ್ದರು. ನಡುವಿನ ಕಾಲದ ಉಪಕರಣಗಳು ಮುಂದೆ ಹೇರಳವಾಗಿ ಸಿಕ್ಕಿ ಆ ಮಾತು ಬಿದ್ದುಹೋಯಿತು. ನನಗೆ ಅವರ ಸಿದ್ಧಾಂತಗಳಿಗಿಂತ ದಾಖಲೆಯೇ ದೊಡ್ಡದು. ಅವರು ಗುರುತಿಸಿದ ನೆಲೆಗಳು 459. ಕಲ್ಲು ಸಿಕ್ಕ ಊರು, ಹಳ್ಳ, ಗರಸಿನ ಪದರವನ್ನು ಭೂವಿಜ್ಞಾನಿಯ ಶಿಸ್ತಿನಿಂದ ಬರೆದಿಟ್ಟರು. 1912ರಲ್ಲಿ ತೀರಿಕೊಂಡ ಮೇಲೆ, 1914 ಮತ್ತು 1916ರಲ್ಲಿ, ಮದರಾಸ್ ವಸ್ತುಸಂಗ್ರಹಾಲಯ ಅದನ್ನೆಲ್ಲ ಎರಡು ಸಂಪುಟಗಳಲ್ಲಿ ಹೊರತಂದಿತು.

ಆ ಶಿಸ್ತಿನ ಫಲ ಸಿಕ್ಕಿದ್ದು ಒಂದೂವರೆ ಶತಮಾನದ ಬಳಿಕ. 1863ರಲ್ಲೇ ಫೂಟ್, ವಿಲಿಯಂ ಕಿಂಗ್ ಜತೆ ಕಂಡಿದ್ದ ಅತ್ತಿರಂಪಾಕ್ಕಂಗೆ ಶಾಂತಿ ಪಪ್ಪು ಅವರ ತಂಡ ಮರಳಿ ಹೋಗಿ ಅಗೆಯಿತು. ಅಲ್ಲಿನ ಕೈಗೊಡಲಿಗಳಿಗೆ ಸುಮಾರು 15 ಲಕ್ಷ ವರ್ಷವೆಂದು 2011ರಲ್ಲಿ ಪ್ರಕಟಿಸಿತು. ನಮ್ಮ ಸುರಪುರ ಸೀಮೆಯ ಇಸಾಂಪುರದಲ್ಲಿ ಕೆ. ಪದ್ದಯ್ಯ ಅಗೆಸಿದ ಕಲ್ಲಿನ ಕಾರ್ಖಾನೆಗೂ ಸುಮಾರು 12 ಲಕ್ಷ ವರ್ಷ ಎಂಬ ಲೆಕ್ಕ ಬಂದಿದೆ. ಆಫ್ರಿಕಾದಿಂದ ಹೊರಟ ಆದಿಮಾನವರ ಕಥೆಯಲ್ಲಿ ದಕ್ಷಿಣ ಭಾರತ ಈಗ ಮುಖ್ಯ ಅಧ್ಯಾಯ.

ನ್ಯಾಮತಿಯ ಕಲ್ಲುಗಳಿಗೂ ಅಂಥ ಕಾಲನಿರ್ಣಯ ಆಗಬೇಕೆಂಬುದು ನನ್ನ ಹಟ. ಹೊಲದ ಬದುವಿನಲ್ಲೋ ಹಳ್ಳದ ಕೊರಕಲಿನಲ್ಲೋ ಎರಡೂ ಮುಖದಲ್ಲಿ ಚಕ್ಕೆ ಎದ್ದ ಇಂಥ ಕಲ್ಲು ಕಂಡರೆ ದಯಮಾಡಿ ಕಿತ್ತು ಮನೆಗೆ ತರಬೇಡಿ. ಇದ್ದಲ್ಲೇ ಫೋಟೊ ತೆಗೆದು, ಸರ್ವೆ ನಂಬರ್ ಬರೆದುಕೊಂಡು, ಪುರಾತತ್ವ ಇಲಾಖೆಗೆ ಸುದ್ದಿ ಮುಟ್ಟಿಸಿ. ಕಲ್ಲು ಪದರದಲ್ಲೇ ಉಳಿದರೆ ಅದರ ವಯಸ್ಸು ಹೇಳಬಹುದು.