ಪೂಲ್ ಮೇಜಿನ ನಿಯಮಗಳೂ ಚಲನೆಯ ನಿಯಮಗಳೂ

ಔರಾದ ತಾಲ್ಲೂಕಿನ ಚಿಂತಾಕಿಯಲ್ಲಾಗಲಿ, ಭಾಲ್ಕಿಯಲ್ಲಾಗಲಿ, ಬೀದರ ನಗರದಲ್ಲಾಗಲಿ ಕೇರಂ ಹಲಗೆಯನ್ನು ಕಂಡರಿಯದ ವಿದ್ಯಾರ್ಥಿ ವಿರಳ. ಪೂಲ್ ಮೇಜನ್ನು ಕಂಡವರು ಅಷ್ಟು ಮಂದಿ ಇರಲಾರರು. ಆದರೂ ಇವೆರಡೂ ಒಂದೇ ಮನೆತನದ ಆಟಗಳು. ಒಂದು ವಸ್ತುವಿನಿಂದ ಮತ್ತೊಂದನ್ನು ಹೊಡೆದು ಅದನ್ನು ಕುಳಿಗೆ ಬೀಳಿಸುವುದೇ ಎರಡರ ಗುರಿ. ಕೇರಮ್ಮಿನಲ್ಲಿ ಹೊಡೆಯುವುದು ಬೆರಳು. ಪೂಲ್ ಆಟದಲ್ಲಿ ಕ್ಯೂ ಎಂಬ ನೀಳವಾದ ಕೋಲು.

ಈ ಮನೆತನದ ಸ್ನೂಕರ್ ಆಟ ನಮ್ಮ ದೇಶದಲ್ಲಿಯೇ ಹುಟ್ಟಿತು. 1875ರಲ್ಲಿ ಜಬಲ್ಪುರದಲ್ಲಿದ್ದ ನೆವಿಲ್ ಚೇಂಬರ್ಲೇನ್ ಎಂಬ ಸೈನ್ಯಾಧಿಕಾರಿ ಅದನ್ನು ರೂಪಿಸಿದನೆಂದೂ, 1882ರಲ್ಲಿ ಮೈಸೂರು ಸೀಮೆಗೆ ತಾಗಿದ ನೀಲಗಿರಿಯ ಉದಕಮಂಡಲದ ಕ್ಲಬ್ಬಿನಲ್ಲಿ ಅದರ ನಿಯಮಗಳನ್ನು ಬರೆದು ಹಾಕಲಾಯಿತೆಂದೂ ಹೇಳುತ್ತಾರೆ. 1958ರಲ್ಲಿ ಕಲ್ಕತ್ತೆಯಲ್ಲಿ ವಿಲ್ಸನ್ ಜೋನ್ಸ್ ಬಿಲಿಯರ್ಡ್ಸಿನ ವಿಶ್ವ ಹವ್ಯಾಸಿ ಪ್ರಶಸ್ತಿಯನ್ನು ಗೆದ್ದರು. ಬೆಂಗಳೂರಿನಲ್ಲಿ ಬೆಳೆದ ಪಂಕಜ್ ಅಡ್ವಾಣಿಯವರು 2003ರಲ್ಲಿ ಚೀನದಲ್ಲಿ ಸ್ನೂಕರಿನ ವಿಶ್ವ ಪ್ರಶಸ್ತಿಯನ್ನೂ, 2018ರಲ್ಲಿ ಮನನ್ ಚಂದ್ರ ಅವರೊಡಗೂಡಿ ದೋಹಾದಲ್ಲಿ ತಂಡಗಳ ವಿಶ್ವಕಪ್ಪನ್ನೂ ಗಳಿಸಿದರು.

ತಂಡಗಳ ಪಂದ್ಯದಲ್ಲಿ ಒಂದು ವಿಶೇಷವುಂಟು. ಪ್ರತಿಯೊಬ್ಬನೂ ತನ್ನ ಆಟವನ್ನು ತಾನೇ ಆಡಿದರೂ ಗೆಲವು ಸೋಲುಗಳು ಇಡೀ ತಂಡದ ಲೆಕ್ಕಕ್ಕೆ ಸೇರುತ್ತವೆ. ಸಣ್ಣ ಪಂದ್ಯಾವಳಿಗಳಲ್ಲಿ ಏಕಕಾಲಕ್ಕೆ ಹಲವು ಮೇಜುಗಳಲ್ಲಿ ಆಟ ನಡೆಯುವುದರಿಂದ ಪ್ರತಿಯೊಂದು ಮೇಜಿಗೂ ಒಬ್ಬ ತೀರ್ಪುಗಾರನನ್ನು ನಿಲ್ಲಿಸುವುದು ಸಾಧ್ಯವಾಗದು. ಆಗ ತಪ್ಪಾಯಿತೋ ಇಲ್ಲವೋ ಎಂಬುದನ್ನು ಆಡುವ ಇಬ್ಬರೇ ನಿರ್ಣಯಿಸಬೇಕು. ಈ ನಿರ್ಣಯದಲ್ಲಿ ಭೌತವಿಜ್ಞಾನ ಎಷ್ಟು ದೂರ ನೆರವಾಗುತ್ತದೆ, ಎಲ್ಲಿ ಅದು ಮೌನವಾಗುತ್ತದೆ ಎಂಬುದನ್ನು ನೋಡೋಣ.

ಆಟದ ಮುಖ್ಯ ನಿಯಮಗಳು

ಎಂಟು ಚೆಂಡಿನ ಪೂಲ್ ಆಟದಲ್ಲಿ 1ರಿಂದ 7ರವರೆಗಿನ ಚೆಂಡುಗಳು ಒಬ್ಬನವು, 9ರಿಂದ 15ರವರೆಗಿನ ಪಟ್ಟೆಯ ಚೆಂಡುಗಳು ಇನ್ನೊಬ್ಬನವು. ತನ್ನ ಏಳನ್ನೂ ಬೀಳಿಸಿ ಕೊನೆಗೆ ಕರಿಯ 8ನ್ನು ನಿಯಮಬದ್ಧವಾಗಿ ಬೀಳಿಸಿದವನು ಗೆಲ್ಲುತ್ತಾನೆ. ಕೋಲು ಬಿಳಿಯ ಚೆಂಡನ್ನು ಮಾತ್ರ ಹೊಡೆಯಬೇಕು, ಅದೂ ಒಂದೇ ಬಾರಿ. ಬಿಳಿಯ ಚೆಂಡು ಮೊದಲು ಆಟಗಾರನ ಗುಂಪಿನ ಚೆಂಡನ್ನೇ ಮುಟ್ಟಬೇಕು. ಆಮೇಲೆ ಯಾವುದಾದರೊಂದು ಚೆಂಡು ಕುಳಿಗೆ ಬೀಳಬೇಕು, ಇಲ್ಲವೆ ಮೇಜಿನ ಅಂಚಿನ ರಬ್ಬರನ್ನಾದರೂ ತಾಗಬೇಕು. ಹೊಡೆಯುವಾಗ ಒಂದು ಪಾದವಾದರೂ ನೆಲದ ಮೇಲಿರಬೇಕು. ಚೆಂಡುಗಳೆಲ್ಲ ನಿಲ್ಲುವ ಮುನ್ನ ಮುಂದಿನ ಹೊಡೆತ ಸಲ್ಲದು. ಇವುಗಳಲ್ಲಿ ಯಾವುದು ತಪ್ಪಿದರೂ ಫೌಲ್. ಫೌಲ್ ಆದರೆ ಎದುರಾಳಿಯು ಬಿಳಿಯ ಚೆಂಡನ್ನು ಕೈಗೆತ್ತಿಕೊಂಡು ತನಗೆ ಬೇಕಾದೆಡೆ ಇಟ್ಟು ಆಡಬಹುದು. ಒಂದು ಫೌಲಿನಿಂದಲೇ ಆಟ ತಿರುಗಿಬೀಳುವುದುಂಟು.

ಸಮತೂಕದ ಚೆಂಡುಗಳು

ಪೂಲ್ ಚೆಂಡಿನ ವ್ಯಾಸ 57.15 ಮಿಲಿಮೀಟರು, ತೂಕ 156ರಿಂದ 170 ಗ್ರಾಮು. ಒಂದು ಮೇಜಿನ ಚೆಂಡುಗಳೆಲ್ಲ ಸಮತೂಕವಾಗಿರಬೇಕು. ಕೇರಮ್ಮಿನಲ್ಲಾದರೋ ಸ್ಟ್ರೈಕರಿನ ತೂಕ 15 ಗ್ರಾಮಿನವರೆಗೂ ಇರಬಹುದು; ಕಾಯಿಯದು ಸುಮಾರು 5 ಗ್ರಾಮು. ಇಂತಹ ಸ್ಟ್ರೈಕರ್ ಕಾಯಿಗೆ ನೇರವಾಗಿ ತಾಗಿದಾಗ, ಶಕ್ತಿನಷ್ಟವನ್ನು ಗಣಿಸದಿದ್ದರೆ, ಅದು ತನ್ನ ಅರ್ಧ ವೇಗದಿಂದ ಮುಂದುವರಿಯುತ್ತದೆ. ಕಾಯಿ ಒಂದೂವರೆ ಪಟ್ಟು ವೇಗದಿಂದ ಹಾರುತ್ತದೆ. ಸಮತೂಕದ ಚೆಂಡುಗಳಲ್ಲಿ ಹಾಗಲ್ಲ. ಜಾರುತ್ತ ಬಂದ ಚೆಂಡು ನೇರವಾಗಿ ತಾಗಿದೊಡನೆ ತಾನು ನಿಂತು ತನ್ನ ವೇಗವೆಲ್ಲವನ್ನೂ ಇನ್ನೊಂದಕ್ಕೆ ಕೊಡುತ್ತದೆ.

ಉರುಳುತ್ತ ಬಂದ ಚೆಂಡಿನ ಸಂಗತಿ ಸ್ವಲ್ಪ ಬೇರೆ. ಅದೂ ತಾಗಿದ ಕ್ಷಣದಲ್ಲಿ ನಿಲ್ಲುತ್ತದೆ. ಆದರೆ ಅದರ ಆವರ್ತನ ಉಳಿದಿರುತ್ತದೆ. ಮೇಜಿನ ಬಟ್ಟೆಯ ಘರ್ಷಣೆಯಿಂದ ಆ ಆವರ್ತನವು ಮುನ್ನಡೆಯಾಗಿ ಮಾರ್ಪಟ್ಟು, ಚೆಂಡು ಮೊದಲಿನ ವೇಗದ 2/7 ಭಾಗವನ್ನು ಮೆಲ್ಲಗೆ ಪಡೆಯುತ್ತದೆ. ಹೊಡೆಸಿಕೊಂಡ ಚೆಂಡು ಮೊದಲು ಜಾರಿ, ಬಳಿಕ 5/7 ಭಾಗದ ವೇಗದಿಂದ ಉರುಳುತ್ತದೆ. ಭೂಭ್ರಮಣದ ಸಂಬಂಧದಲ್ಲಿ ವಿದ್ಯಾರ್ಥಿಗಳು ಹೆಸರು ಕೇಳಿರುವ ಫ್ರೆಂಚ್ ವಿಜ್ಞಾನಿ ಕೊರಿಯೋಲಿಸ್ 1835ರಲ್ಲಿಯೇ ಬಿಲಿಯರ್ಡ್ಸ್ ಚೆಂಡುಗಳ ಚಲನೆಯನ್ನು ಕುರಿತು ಒಂದು ಗಣಿತಗ್ರಂಥವನ್ನು ಬರೆದನು.

ಎರಡು ಬಾರಿ ತಾಗಿದ ಕೋಲು

ಬಿಳಿಯ ಚೆಂಡಿಗೂ ಅದರ ಮುಂದಿನ ಚೆಂಡಿಗೂ ನಡುವೆ ಒಂದು ಬೆರಳಿನ ಅಂತರವೂ ಇಲ್ಲವೆನ್ನೋಣ. ಕೋಲು ತಳ್ಳಿದ ಬಿಳಿಯ ಚೆಂಡು ಮುಂದಿನದಕ್ಕೆ ತಾಗಿ ಒಮ್ಮೆಲೆ ನಿಲ್ಲುತ್ತದೆ; ಹಿಂದಿನಿಂದ ಬರುತ್ತಿರುವ ಕೋಲು ನಿಲ್ಲದೆ ಅದನ್ನು ಮತ್ತೊಮ್ಮೆ ಹೊಡೆಯುತ್ತದೆ. ಇದು ಫೌಲ್. ಕೋಲಿನ ತುದಿ ಚೆಂಡನ್ನು ತಾಗಿರುವ ಕಾಲ ಸುಮಾರು ಸೆಕೆಂಡಿನ ಸಾವಿರದಲ್ಲೊಂದು ಭಾಗ. ಎರಡು ಹೊಡೆತಗಳನ್ನು ಬಿಡಿಸಿ ನೋಡಲು ಬರಿಗಣ್ಣಿಗೆ ಸಾಧ್ಯವಿಲ್ಲ.

ಆದರೆ ಪರಿಣಾಮ ಕಾಣುತ್ತದೆ. ನೇರ ಹೊಡೆತದಲ್ಲಿ ಬಿಳಿಯ ಚೆಂಡು ಒಮ್ಮೆ ತಡೆದು ನಿಲ್ಲಬೇಕೆಂದೂ, ಬಳಿಕ ಹೊರಟರೂ ನಿಧಾನವಾಗಿಯೇ ಹೊರಡಬೇಕೆಂದೂ ಮೇಲೆ ಕಂಡೆವು. ಹಾಗಲ್ಲದೆ ಅದು ಮುಂದಿನ ಚೆಂಡಿನ ಬೆನ್ನಿಗೇ ಸರಿಸುಮಾರು ಅದರಷ್ಟೇ ವೇಗದಿಂದ ಓಡಿದರೆ, ಆ ವೇಗ ಎಲ್ಲಿಂದ ಬಂತು? ಕೋಲಿನಿಂದಲೇ ಬಂದಿರಬೇಕು. ನುರಿತ ತೀರ್ಪುಗಾರನು ಕೋಲನ್ನು ನೋಡುವುದಕ್ಕಿಂತ ಹೆಚ್ಚಾಗಿ ಚೆಂಡುಗಳ ನಡೆಯನ್ನು ನೋಡುವುದು ಈ ಕಾರಣದಿಂದ.

ಮೊದಲು ಮುಟ್ಟಿದ್ದು ಯಾವುದು?

ಒಬ್ಬನ ಚೆಂಡೂ ಎದುರಾಳಿಯ ಚೆಂಡೂ ಅಕ್ಕಪಕ್ಕದಲ್ಲಿ ಒಂದಕ್ಕೊಂದು ಆತುಕೊಂಡಿವೆ. ಬಿಳಿಯ ಚೆಂಡು ಎರಡರ ನಡುವಣ ಸಂದಿಗೆ ಗುರಿಯಿಟ್ಟು ಬರುತ್ತದೆ. ಯಾವುದಕ್ಕೆ ಮೊದಲು ತಾಗಿತು ಎಂಬುದೇ ವಿವಾದ. ಸಂವೇಗದ ನಿಯಮದಂತೆ ಲೆಕ್ಕ ಹಾಕಿದರೆ, ಒಂದು ಕಿಂಚಿತ್ತು ಮೊದಲು ತಾಗಿದ್ದರೆ ಅದು ಬಿಳಿಯ ಚೆಂಡಿನ ವೇಗದ ಸುಮಾರು 0.87 ಭಾಗವನ್ನೂ, ಅನಂತರದ್ದು ಕೇವಲ 0.43 ಭಾಗವನ್ನೂ ಪಡೆಯುತ್ತವೆ. ಅಂದರೆ ಮೊದಲು ತಾಗಿದ್ದಕ್ಕೆ ಎರಡರಷ್ಟು ವೇಗ. ಎರಡಕ್ಕೂ ಏಕಕಾಲದಲ್ಲಿ ತಾಗಿದ್ದರೆ ಎರಡೂ ಸಮವಾಗಿ 0.69 ಭಾಗದ ವೇಗದಿಂದ ಅಗಲುತ್ತವೆ. ಆವರ್ತನವಿಲ್ಲದ ಬಿಳಿಯ ಚೆಂಡು ತನ್ನ ವೇಗದ ಐದನೆಯ ಒಂದು ಭಾಗದಿಂದ ಹಿಂದಕ್ಕೆ ಸರಿಯುತ್ತದೆ. ಯಾವುದು ಮೊದಲೆಂದು ತಿಳಿಯಲಾಗದಿದ್ದರೆ ತೀರ್ಪು ಹೊಡೆದವನ ಪರವಾಗಿರಬೇಕೆಂದು ನಿಯಮ ಹೇಳುತ್ತದೆ. ಸಂಶಯದ ಮೇಲೆ ದಂಡನೆ ಸಲ್ಲದೆಂಬ ನ್ಯಾಯವಿದು.

ಮೂರು ಸಮನಾದ ಗೋಲಿಗಳಿಂದ ನಯವಾದ ನೆಲದ ಮೇಲೆ ವಿದ್ಯಾರ್ಥಿಗಳು ಇದನ್ನು ತಾವೇ ಪರೀಕ್ಷಿಸಬಹುದು. ಎರಡನ್ನು ಆತು ಇಟ್ಟು ಮೂರನೆಯದನ್ನು ಸಂದಿಗೆ ಉರುಳಿಸಬೇಕು. ಹತ್ತು ಬಾರಿ ಉರುಳಿಸಿದರೆ ಎರಡೂ ಸಮವಾಗಿ ಅಗಲುವುದು ಎಷ್ಟು ಅಪರೂಪವೆಂಬುದು ತಿಳಿಯುತ್ತದೆ.

ವಿಜ್ಞಾನ ಮೌನವಾಗುವ ಎಡೆ

ಆಟಗಾರನು ಬಾಗಿದಾಗ ಅಂಗಿಯ ತೋಳು ಬಿಳಿಯ ಚೆಂಡನ್ನು ಸೋಕಿತು; ಚೆಂಡು ಕದಲಲಿಲ್ಲ. ಇದೂ ಫೌಲೇ. ಆದರೆ ಇಲ್ಲಿ ವೇಗವಿಲ್ಲ, ದಿಕ್ಕಿಲ್ಲ, ಅಳೆಯಲು ಏನೂ ಇಲ್ಲ. ಸಂಗತಿ ಅವನ ತೋಳಿಗೆ ಮಾತ್ರ ಗೊತ್ತು. ಮುಂದಿನ ಹೊಡೆತ ಆರಂಭವಾಗುವ ಮುನ್ನ ಯಾರೂ ಹೇಳದಿದ್ದರೆ ಆ ಫೌಲ್ ಆಗಲೇ ಇಲ್ಲವೆಂದು ಎಣಿಸತಕ್ಕದ್ದು. ಆದುದರಿಂದ ತಾನಾಗಿಯೇ ಒಪ್ಪಿಕೊಳ್ಳುವುದು ಈ ಆಟದಲ್ಲಿ ಬರಿಯ ಸೌಜನ್ಯವಲ್ಲ. ಅದಿಲ್ಲದೆ ಆಟದ ಲೆಕ್ಕವೇ ಸರಿಯಾಗದು. ಒಬ್ಬನು ಬಾಯಿ ಮುಚ್ಚಿ ಗಳಿಸಿದ ಗೆಲವಿನಿಂದ ಆ ಮೇಜಿನ ಬಳಿಗೇ ಬಾರದ ನಾಲ್ವರು ಪಂದ್ಯಾವಳಿಯಿಂದ ಹೊರಬೀಳಬಹುದು.

ನಡತೆಯ ಇತರ ನಿಯಮಗಳಿಗೂ ಇಂಥ ಕಾರಣವುಂಟು. ಎದುರಾಳಿ ಗುರಿಯಿಡುವಾಗ ಅವನ ದೃಷ್ಟಿಗೆ ಅಡ್ಡವಾಗಿ ಅಲುಗಾಡುವುದು, ಮಾತನಾಡುವುದು ನಿಷಿದ್ಧ. ಬೇಕೆಂದೇ ಕಾಲಹರಣ ಮಾಡುವುದು, ಮೇಜಿನ ಮೇಲೆ ಗುರುತು ಹಾಕುವುದು, ಪಂದ್ಯದ ನಡುವೆ ಅಭ್ಯಾಸದ ಹೊಡೆತ ಹೊಡೆಯುವುದು ಸಲ್ಲವು. ತಂಡದವರು ಆಡುವವನಿಗೆ ಸಲಹೆ ಕೊಡಬಹುದೇ, ಯಾವಾಗ ಕೊಡಬಹುದು ಎಂಬುದನ್ನು ಪಂದ್ಯಾವಳಿಯ ವ್ಯವಸ್ಥಾಪಕರು ಮೊದಲೇ ಗೊತ್ತುಪಡಿಸಿರಬೇಕು. ಅದನ್ನು ಮೀರಿ ಕುಳಿತಲ್ಲಿಂದ ಕೂಗುವಂತಿಲ್ಲ.

ವಿವಾದ ಹುಟ್ಟಿದಾಗ ಯಾರೂ ಚೆಂಡುಗಳನ್ನು ಮುಟ್ಟದೆ ಆಟವನ್ನು ನಿಲ್ಲಿಸಿ ವ್ಯವಸ್ಥಾಪಕರನ್ನು ಕರೆಯಬೇಕು. ಚೆಂಡುಗಳ ನೆಲೆಯೇ ಅಲ್ಲಿ ಉಳಿದಿರುವ ಏಕೈಕ ಸಾಕ್ಷ್ಯ. ಇದಕ್ಕಿಂತ ಮೇಲಾದ ಇನ್ನೊಂದು ದಾರಿಯಿದೆ. ಹೊಡೆತ ಇಕ್ಕಟ್ಟಿನದೆಂದು ತೋರಿದರೆ, ಹೊಡೆಯುವುದಕ್ಕೆ ಮೊದಲೇ ಮೂರನೆಯವರೊಬ್ಬರನ್ನು ಕರೆದು ನೋಡುವಂತೆ ಕೇಳುವುದು. ಇದರಿಂದ ಹೊಡೆಯುವವನಿಗೆ ಅವಮಾನವೇನೂ ಇಲ್ಲ. ಪ್ರಯೋಗಶಾಲೆಯಲ್ಲಿ ಓದಿಕೊಳ್ಳಬೇಕಾದ ಉಪಕರಣವನ್ನು ಪ್ರಯೋಗ ಮುಗಿದ ಮೇಲೆ ಯಾರೂ ಜೋಡಿಸುವುದಿಲ್ಲವಷ್ಟೆ.